ಆಕರಕೋಶದ ಹೆಸರಿನಲ್ಲಿ ಆಸೆಯ ವ್ಯಾಪಾರ

ತರಕಾರಿ ಹೆಚ್ಚುವಾಗ ಬೆರಳಿಗಾದ ಗಾಯ ವಾರದೊಳಗೆ ಮಾಯುತ್ತದೆ. ಮುರಿದ ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ತುಂಡಾದ ಬೆನ್ನುಹುರಿ ಕೂಡಿಕೊಳ್ಳುವುದಿಲ್ಲ. ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಒಂದೇ ದೇಹದಲ್ಲಿ ಈ ಪಂಕ್ತಿಭೇದ ಏಕೆ ಎಂಬ ಪ್ರಶ್ನೆಗೆ ಕಳೆದ ಆರೇಳು ದಶಕಗಳ ಜೀವವಿಜ್ಞಾನ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಆ ಉತ್ತರದ ಕೇಂದ್ರದಲ್ಲಿರುವುದು ಸ್ಟೆಮ್ ಸೆಲ್ ಅಥವಾ ಆಕರಕೋಶ. ದುರದೃಷ್ಟದ ಸಂಗತಿಯೆಂದರೆ, ಈ ಪದವನ್ನು ಬಹುಪಾಲು ಜನ ಇಂದು ಮೊದಲು ಓದುವುದು ವಿಜ್ಞಾನದ ಪುಸ್ತಕದಲ್ಲಲ್ಲ, ಜಾಹೀರಾತಿನಲ್ಲಿ. ಮಂಡಿನೋವಿನಿಂದ ಆಟಿಸಂವರೆಗೆ, ಸಕ್ಕರೆ ಕಾಯಿಲೆಯಿಂದ ಬಕ್ಕತಲೆಯವರೆಗೆ ಎಲ್ಲಕ್ಕೂ ಆಕರಕೋಶವೇ ಮದ್ದು ಎಂದು ಸಾರುವ ಚಿಕಿತ್ಸಾಲಯಗಳು ನಮ್ಮ ಮಹಾನಗರಗಳಲ್ಲಿ ತಲೆಯೆತ್ತಿವೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಹಲವು ವರ್ಷ ಶರೀರಕ್ರಿಯಾಶಾಸ್ತ್ರ ಬೋಧಿಸಿದವನೆಂಬ ಕಾರಣಕ್ಕೆ ಪರಿಚಿತರಿಂದ, ಪರಿಚಿತರ ಬಂಧುಗಳಿಂದ ಈ ಬಗ್ಗೆ ನನಗೆ ವಿಚಾರಣೆಗಳು ಬರುತ್ತಲೇ ಇರುತ್ತವೆ. ಕೇಳುವವರು ಓದು ಬಲ್ಲವರೇ: ಎಂಜಿನಿಯರುಗಳು, ಬ್ಯಾಂಕ್ ಅಧಿಕಾರಿಗಳು, ಶಾಲಾ ಶಿಕ್ಷಕರು. ಅವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ನಮ್ಮ ದೇಹದ ಕೋಶವನ್ನೇ ತೆಗೆದು ನಮಗೇ ಕೊಡುತ್ತಾರಂತೆ. ಒಂದು ಸಲ ಪ್ರಯತ್ನಿಸಿ ನೋಡಿದರೆ ನಷ್ಟವೇನು?' ಈ ಪ್ರಶ್ನೆಯ ಹಿಂದಿರುವ ಸಂಕಟವನ್ನು ನಾನು ಬಲ್ಲೆ. ಅದಕ್ಕಾಗಿಯೇ ಅದಕ್ಕೆ ನೇರವಾದ ಉತ್ತರ ಸಲ್ಲಬೇಕು ಎಂದು ಭಾವಿಸುತ್ತೇನೆ.

ಮೊದಲು ದೇಹದ ವ್ಯವಸ್ಥೆಯನ್ನು ನೋಡೋಣ. ನಮ್ಮ ಬಹುತೇಕ ಜೀವಕೋಶಗಳು ಒಂದೊಂದು ಕಸುಬಿಗೆ ಒಗ್ಗಿಹೋದವು. ಕೆಂಪು ರಕ್ತಕಣ ಆಮ್ಲಜನಕ ಹೊರುತ್ತದೆ. ಸುಮಾರು 120 ದಿನ ದುಡಿದು ಸಾಯುತ್ತದೆ. ತನ್ನಂಥ ಇನ್ನೊಂದನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ಸತ್ತವುಗಳ ಜಾಗ ತುಂಬುವವರು ಯಾರು? ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕುಲಕ್ 1961ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಖಚಿತ ಉತ್ತರದ ದಾರಿ ತೆರೆದವು. ಅಸ್ಥಿಮಜ್ಜೆಯಲ್ಲಿ ಕೆಲವೇ ಕೆಲವು ವಿಶಿಷ್ಟ ಕೋಶಗಳಿವೆ. ಅವು ವಿಭಜನೆಗೊಂಡಾಗ ಸಂತತಿಯ ಒಂದು ಪಾಲು ತಾಯಿಕೋಶದಂತೆಯೇ ಉಳಿದು ಬೀಜದ ದಾಸ್ತಾನನ್ನು ಕಾಯುತ್ತದೆ. ಇನ್ನೊಂದು ಪಾಲು ಬಲಿತು ರಕ್ತದ ನಾನಾ ಬಗೆಯ ಕಣಗಳಾಗುತ್ತದೆ. ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ತಯಾರಿಸುವುದು ಈ ಬಂಡವಾಳದ ಬಲದಿಂದಲೇ.

ರಕ್ತಕ್ಕೆ ಹೇಗೋ ಹಾಗೆಯೇ ಚರ್ಮಕ್ಕೆ, ಕರುಳಿಗೆ, ಸ್ನಾಯುವಿಗೆ ತಮ್ಮ ತಮ್ಮದೇ ಆಕರಕೋಶಗಳಿವೆ. ಕರುಳಿನ ಒಳಪದರ ಮೂರರಿಂದ ಐದು ದಿನಗಳಿಗೊಮ್ಮೆ ಹೊಸತಾಗುತ್ತದೆ. ಅದರ ಸಣ್ಣ ಕುಳಿಗಳ ತಳದಲ್ಲಿ ಕುಳಿತ ಆಕರಕೋಶಗಳು ಆ ಕೆಲಸ ನಡೆಸುತ್ತವೆ. ಸ್ನಾಯುತಂತುಗಳ ಅಂಚಿಗೆ ಅಂಟಿಕೊಂಡು ನಿದ್ರಿಸುವ ಕೋಶಗಳು ಪೆಟ್ಟು ಬಿದ್ದೊಡನೆ ಎಚ್ಚೆತ್ತು ಹೊಸ ತಂತುಗಳನ್ನು ಕಟ್ಟುತ್ತವೆ. ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ ಒಂದಿದೆ. ಕರುಳಿನ ಆಕರಕೋಶ ಚರ್ಮವನ್ನು ಕಟ್ಟುವುದಿಲ್ಲ. ಮಜ್ಜೆಯ ಆಕರಕೋಶ ಮಿದುಳನ್ನು ಕಟ್ಟುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ನೆಲೆ ಇದೆ. ಯಾವಾಗ ವಿಭಜಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸೂಚನೆಗಳು ಆ ನೆಲೆಯಲ್ಲಿರುವ ನೆರೆಯ ಕೋಶಗಳಿಂದಲೇ ಬರುತ್ತವೆ. ಆಕರಕೋಶಗಳ ಇಂಥ ದಾಸ್ತಾನು ಕ್ಷೀಣವಾಗಿರುವ ಅಥವಾ ಇಲ್ಲವೇ ಇಲ್ಲವೆನ್ನಬಹುದಾದ ಅಂಗಗಳಲ್ಲಿ ರಿಪೇರಿಯೂ ನಡೆಯುವುದಿಲ್ಲ. ಹೃದಯವೇ ಉದಾಹರಣೆ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 25ರ ಹರೆಯದಲ್ಲಿ ಹೃದಯಸ್ನಾಯುವಿನ ಕೋಶಗಳಲ್ಲಿ ವರ್ಷಕ್ಕೆ ಶೇ 1ರಷ್ಟು ಮಾತ್ರ ಬದಲಾಗುತ್ತವೆ. 75ರ ವಯಸ್ಸಿಗೆ ಅದು ಶೇ 0.45ಕ್ಕೆ ಇಳಿಯುತ್ತದೆ.

ಸರಿಯಾದ ಕೋಶ, ಅದು ಬದುಕಿ ದುಡಿಯಬಲ್ಲ ನೆಲೆ, ಫಲ ಕಾಣುವವರೆಗಿನ ತಾಳ್ಮೆ: ಈ ಮೂರೂ ಕೂಡಿದಾಗ ಆಕರಕೋಶ ಚಿಕಿತ್ಸೆ ಪವಾಡಕ್ಕೆ ಸಮನಾದ ಫಲ ಕೊಟ್ಟಿದೆ. ಅಸ್ಥಿಮಜ್ಜೆ ಕಸಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಡೊನಾಲ್ ಥಾಮಸ್ ಮಜ್ಜೆಯನ್ನು ರಕ್ತನಾಳದ ಮೂಲಕ ನೀಡುವ ತಮ್ಮ ಮೊದಲ ಪ್ರಯತ್ನಗಳನ್ನು 1957ರಲ್ಲಿ ಪ್ರಕಟಿಸಿದರು. ಆ ಆರು ರೋಗಿಗಳಲ್ಲಿ ಯಾರೂ ಹೆಚ್ಚು ಕಾಲ ಉಳಿಯಲಿಲ್ಲ. ಅವರು ಸೋಲನ್ನು ಮುಚ್ಚಿಡಲಿಲ್ಲ. ದಾನಿ ಮತ್ತು ರೋಗಿಯ ಅಂಗಾಂಶ ಹೊಂದಾಣಿಕೆಯ ವಿಜ್ಞಾನ ಬೆಳೆಯುವವರೆಗೆ ದುಡಿದರು. 1990ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ನಮ್ಮ ದೇಶದಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1986ರಲ್ಲಿ ಈ ಕಸಿಯನ್ನು ಆರಂಭಿಸಿದವು. ಇಂದು ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ಮುಂತಾದ ಕಾಯಿಲೆಗಳಲ್ಲಿ ಇದು ಸಿದ್ಧಪಟ್ಟ ಚಿಕಿತ್ಸೆ. ರಕ್ತದ ಆಕರಕೋಶಕ್ಕೆ ನೆತ್ತರಿನಲ್ಲಿ ತೇಲುತ್ತಾ ಹೋಗಿ ಮಜ್ಜೆಯ ಮನೆಯನ್ನು ತಾನೇ ಹುಡುಕಿಕೊಳ್ಳುವ ಸ್ವಭಾವವಿದೆ; ಆದ್ದರಿಂದಲೇ ನಾಳದ ಮೂಲಕ ಕೊಟ್ಟರೂ ಅದು ತಲುಪಬೇಕಾದಲ್ಲಿಗೆ ತಲುಪುತ್ತದೆ.

ಇನ್ನೊಂದು ಉದಾಹರಣೆ ಎಲೆ-ಅಡಿಕೆಯ ನಾಡಿನವರಾದ ನಮಗೆ ಇನ್ನೂ ಹತ್ತಿರದ್ದು. ಆಟವಾಡುವ ಮಗುವಿನ ಕೈಗೆ ಸಿಕ್ಕ ಸುಣ್ಣದ ಪೊಟ್ಟಣ ಒಡೆದು ಕಣ್ಣಿಗೆ ಚಿಮ್ಮುವ ಅವಘಡಗಳು ನಮ್ಮ ದೇಶದ ಕಣ್ಣಿನ ವೈದ್ಯರಿಗೆ ಚಿರಪರಿಚಿತ. ಸುಣ್ಣದ ಕ್ಷಾರ ಕಣ್ಣಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನಷ್ಟೇ ಸುಡುವುದಿಲ್ಲ. ಕಾರ್ನಿಯಾ ಮತ್ತು ಬಿಳಿಗುಡ್ಡೆ ಕೂಡುವ ಅಂಚಿನಲ್ಲಿರುವ ಆಕರಕೋಶಗಳನ್ನೂ ನಾಶ ಮಾಡುತ್ತದೆ. ಹಾಗಾದಾಗ ಸತ್ತವರ ಕಣ್ಣಿನಿಂದ ಪಡೆದ ಕಾರ್ನಿಯಾವನ್ನು ಕಸಿ ಮಾಡಿದರೂ ನಿಲ್ಲುವುದಿಲ್ಲ, ಏಕೆಂದರೆ ಅದರ ಮೇಲ್ಪದರವನ್ನು ನಿತ್ಯ ನವೀಕರಿಸುವ ಕೋಶಗಳೇ ಅಲ್ಲಿಲ್ಲ. ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ, ಮಿಕೆಲೆ ಡಿ ಲೂಕಾ ಮತ್ತು ಸಂಗಡಿಗರು ರೋಗಿಯ ಆರೋಗ್ಯವಂತ ಕಣ್ಣಿನ ಅಂಚಿನಿಂದ ತೆಗೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸುಟ್ಟ ಕಣ್ಣಿಗೆ ನೆಟ್ಟ ವರದಿಯನ್ನು 1997ರಲ್ಲಿ ಪ್ರಕಟಿಸಿದರು. ಯುರೋಪಿನಲ್ಲಿ ಆ ಚಿಕಿತ್ಸೆಗೆ ಪರವಾನಗಿ ದೊರೆತದ್ದು 2015ರಲ್ಲಿ, ಅಂದರೆ 18 ವರ್ಷಗಳ ನಂತರ.

ನಮ್ಮಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಈ ದಾರಿಯಲ್ಲಿ ಮುಂದುವರಿದು, ಬಡ ದೇಶಕ್ಕೆ ಹೊಂದುವ ಒಂದು ಉಪಾಯವನ್ನು ಕಂಡುಕೊಂಡಿತು. ವೀರೇಂದರ್ ಸಂಗ್ವಾನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಆ ವಿಧಾನದಲ್ಲಿ ಪ್ರಯೋಗಾಲಯವೇ ಬೇಕಿಲ್ಲ. ಒಳ್ಳೆಯ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಉದ್ದಗಲದ ಚೂರನ್ನು ತೆಗೆದು, ಅದನ್ನು ಎಂಟು-ಹತ್ತು ತುಣುಕು ಮಾಡಿ, ಹೆರಿಗೆಯ ನಂತರ ದಾನವಾಗಿ ಪಡೆದ ಗರ್ಭಚೀಲದ ತೆಳುಪೊರೆಯ ಮೇಲೆ ಜೋಡಿಸಿ ಕಣ್ಣಿಗೆ ಅಂಟಿಸುತ್ತಾರೆ. ಉಳಿದದ್ದನ್ನು ಕೋಶಗಳೇ ಮಾಡಿಕೊಳ್ಳುತ್ತವೆ. ಒಂದೇ ಕಣ್ಣು ಸುಟ್ಟಿದ್ದ 125 ಮಂದಿಯ ಫಲಿತಾಂಶ 2016ರಲ್ಲಿ ಪ್ರಕಟವಾದಾಗ ಶೇ 76ರಷ್ಟು ಜನರಲ್ಲಿ ಈ ಕಸಿ ನಿಂತಿತ್ತು. ಶೇ 24ರಷ್ಟು ಜನರಲ್ಲಿ ನಿಲ್ಲಲಿಲ್ಲ ಎಂಬುದನ್ನೂ ಅದೇ ವರದಿಯಿಂದ ತಿಳಿಯಬಹುದು. ವಿಜ್ಞಾನದ ಪ್ರಾಮಾಣಿಕತೆ ಎಂದರೆ ಇದು. ಗೆಲುವಿನ ಪಕ್ಕದಲ್ಲೇ ಸೋಲಿನ ಲೆಕ್ಕವನ್ನೂ ಒಪ್ಪಿಸುವುದು.

ಈಗ ನಮ್ಮ ಬೀದಿಯ ಚಿಕಿತ್ಸಾಲಯಗಳತ್ತ ತಿರುಗೋಣ. ಅಲ್ಲಿ ಸಾಮಾನ್ಯವಾಗಿ ನಡೆಯುವುದೇನು? ರೋಗಿಯ ಸೊಂಟದ ಮೂಳೆಯಿಂದ ಮಜ್ಜೆಯನ್ನೋ ಹೊಟ್ಟೆಯಿಂದ ಕೊಬ್ಬನ್ನೋ ಹೀರುತ್ತಾರೆ. ಯಂತ್ರದಲ್ಲಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸುತ್ತಾರೆ. ಮರಳಿ ರಕ್ತನಾಳಕ್ಕೋ ಬೆನ್ನುಹುರಿಯ ಸುತ್ತಲಿನ ದ್ರವಕ್ಕೋ ಚುಚ್ಚುತ್ತಾರೆ. ಮಗುವಿಗೆ ಆಟಿಸಂ ಇದ್ದರೂ ಅದೇ, ಅಜ್ಜನಿಗೆ ಪಾರ್ಶ್ವವಾಯು ಆಗಿದ್ದರೂ ಅದೇ. ಮಜ್ಜೆಯ ಅಥವಾ ಕೊಬ್ಬಿನ ಕೋಶ ನರಕೋಶವಾಗಿ ಮಾರ್ಪಟ್ಟು ಮಿದುಳಿನ ಜಾಲದೊಳಗೆ ತನ್ನ ಸ್ಥಾನ ಹಿಡಿಯುತ್ತದೆ ಎಂಬುದಕ್ಕೆ ಒಪ್ಪತಕ್ಕ ಪುರಾವೆ ಇಲ್ಲ. ರಕ್ತನಾಳಕ್ಕೆ ಚುಚ್ಚಿದ ಇಂಥ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲೇ ಸಿಕ್ಕಿಬೀಳುತ್ತವೆ. ದೇಹ ಪ್ರತಿ ಅಂಗಾಂಶಕ್ಕೂ ಬೇರೆ ಬೇರೆ ಬೀಜ ಇಟ್ಟಿರುವಾಗ, ಒಂದೇ ಬೀಜದಿಂದ ರಾಗಿ, ಭತ್ತ, ತೆಂಗು ಮೂರನ್ನೂ ಬೆಳೆದುಕೊಡುತ್ತೇವೆ ಎನ್ನುವವರನ್ನು ನಮ್ಮ ರೈತ ನಂಬುತ್ತಾನೆಯೇ?

'ಆದರೂ ಕೆಲವರಿಗೆ ಗುಣ ಕಂಡಿದೆಯಲ್ಲ' ಎನ್ನುವವರಿದ್ದಾರೆ. ಮಂಡಿನೋವು ತಾನಾಗಿಯೇ ಏರಿ ಇಳಿಯುವಂಥದು; ನೋವು ತಾರಕಕ್ಕೇರಿದಾಗ ಚಿಕಿತ್ಸೆಗೆ ಹೋದವರಿಗೆ ಆಮೇಲೆ ಇಳಿಮುಖ ಕಾಣುವುದು ಸಹಜ. ಮಕ್ಕಳ ಮಿದುಳು ಬೆಳೆಯುತ್ತಲೇ ಇರುತ್ತದೆ. ಚುಚ್ಚುಮದ್ದಿನೊಂದಿಗೆ ತೀವ್ರವಾದ ಫಿಸಿಯೋಥೆರಪಿ, ಮಾತಿನ ತರಬೇತಿಗಳನ್ನೂ ಕೊಟ್ಟರೆ ಆದ ಪ್ರಗತಿಗೆ ಕಾರಣ ಯಾವುದು? ಇದನ್ನು ಬೇರ್ಪಡಿಸಿ ತಿಳಿಯಲಿಕ್ಕಾಗಿಯೇ ಹೋಲಿಕೆಯ ಗುಂಪನ್ನಿಟ್ಟು ಪ್ರಯೋಗ ನಡೆಸುವ ಪದ್ಧತಿ ಬಂದಿದೆ. ನನಗೆ ಬಲ್ಲ ದಂಪತಿ, ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯು ಇದ್ದ ಮಗಳಿಗಾಗಿ ಮನೆ ಕಟ್ಟಲು ಇಟ್ಟಿದ್ದ ನಿವೇಶನ ಮಾರಿ, ದೂರದ ನಗರಕ್ಕೆ ಮೂರು ಬಾರಿ ಹೋಗಿ ಬಂದರು. ಆ ಓಡಾಟದ ಎರಡು ವರ್ಷಗಳಲ್ಲಿ ಊರಿನಲ್ಲೇ ದೊರೆಯುತ್ತಿದ್ದ ಫಿಸಿಯೋಥೆರಪಿ ನಿಂತುಹೋಯಿತು. ಹಣ ಹೋದದ್ದಕ್ಕಿಂತ ಆ ಎರಡು ವರ್ಷ ಹೋದದ್ದೇ ದೊಡ್ಡ ನಷ್ಟ. ಪ್ರಯತ್ನಿಸಿದರೆ ನಷ್ಟವೇನು ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಎರಡನೆಯ ಉತ್ತರ ಇನ್ನೂ ಕಠೋರವಾದುದು. 2017ರ ಮಾರ್ಚಿನಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಒಂದೇ ಸಂಚಿಕೆಯಲ್ಲಿ ಎರಡು ವರದಿಗಳನ್ನು ಪ್ರಕಟಿಸಿತು. ಎರಡೂ ವಯಸ್ಸಾದವರ ಅಕ್ಷಿಪಟಲ ಸವೆಯುವ ರೋಗಕ್ಕೆ ಸಂಬಂಧಿಸಿದ್ದವು. ಒಂದು, ಫ್ಲೋರಿಡಾದ ಚಿಕಿತ್ಸಾಲಯವೊಂದರಲ್ಲಿ ಮೂವರು ಮಹಿಳೆಯರ ಎರಡೂ ಕಣ್ಣುಗಳಿಗೆ ಒಂದೇ ದಿನ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಿದ್ದು. ಮೂವರೂ ದೃಷ್ಟಿಯನ್ನು ತೀವ್ರವಾಗಿ ಕಳೆದುಕೊಂಡರು. ಇನ್ನೊಂದು, ಜಪಾನಿನ ಮಸಾಯೊ ತಾಕಾಹಾಶಿ ಅವರ ತಂಡ 2014ರಲ್ಲಿ ನಡೆಸಿದ ಪ್ರಯೋಗ. ಶಿನ್ಯಾ ಯಮನಾಕಾ 2006ರಲ್ಲಿ ಕಂಡುಹಿಡಿದ, ಬಲಿತ ಕೋಶವನ್ನು ಹಿಂದಕ್ಕೆ ತಿರುಗಿಸಿ ಆಕರಕೋಶವಾಗಿಸುವ ವಿಧಾನದಿಂದ ರೋಗಿಯ ಚರ್ಮದ ಕೋಶಗಳನ್ನು ಅಕ್ಷಿಪಟಲದ ಪದರವಾಗಿ ಬೆಳೆಸಿ, ಒಬ್ಬಾಕೆಯ ಒಂದೇ ಕಣ್ಣಿಗೆ ಅವರು ನೆಟ್ಟರು. ಆಕೆಯ ದೃಷ್ಟಿ ಉತ್ತಮವಾಗಲಿಲ್ಲ, ಕೆಡಲೂ ಇಲ್ಲ. ಎರಡನೆಯ ರೋಗಿಗಾಗಿ ತಯಾರಿಸಿದ ಕೋಶಗಳಲ್ಲಿ ವಂಶವಾಹಿಯ ಬದಲಾವಣೆಗಳು ಕಂಡುಬಂದಾಗ ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟರು. ಒಂದು ಕಡೆ ಹಣ ಪಡೆದು ಎರಡು ಕಣ್ಣನ್ನೂ ಪಣಕ್ಕೊಡ್ಡಿದವರು. ಇನ್ನೊಂದು ಕಡೆ ಅನುಮಾನ ಬಂದೊಡನೆ ಕೈ ತಡೆದವರು. 'ನಮ್ಮದೇ ಕೋಶ' ಎಂಬುದು ಸುರಕ್ಷತೆಯ ಖಾತರಿಯಲ್ಲ. ತನ್ನದಲ್ಲದ ಜಾಗಕ್ಕೆ ಹೋದರೆ ನಮ್ಮದೇ ಕೋಶವೂ ಹಾನಿ ಮಾಡಬಲ್ಲದು.

ಆಸೆ ವಿವೇಕವನ್ನು ಮಸುಕಾಗಿಸುವುದು ಸಣ್ಣ ಚಿಕಿತ್ಸಾಲಯಗಳಲ್ಲಿ ಮಾತ್ರ ಎಂದು ತಿಳಿಯಬೇಕಿಲ್ಲ. ಹೃದಯದಲ್ಲಿ ಆಕರಕೋಶಗಳಿವೆ, ಅವು ಹೃದಯವನ್ನು ಮರಳಿ ಕಟ್ಟಬಲ್ಲವು ಎಂದು ವರ್ಷಗಟ್ಟಲೆ ಪ್ರತಿಪಾದಿಸಿದ ಪಿಯೆರೊ ಅನ್ವೆರ್ಸಾ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಶಿಫಾರಸು ಮಾಡಿತು. ಸ್ವೀಡನ್ನಿನಲ್ಲಿ ಆಕರಕೋಶ ಲೇಪಿಸಿದ ಕೃತಕ ಶ್ವಾಸನಾಳವನ್ನು ಮೂವರಿಗೆ ಅಳವಡಿಸಿದ್ದ ಪಾವ್ಲೊ ಮಾಕ್ಕಿಯಾರಿನಿಗೆ 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷದ ಸೆರೆವಾಸ ವಿಧಿಸಿತು. ಆ ಮೂವರೂ ಆಗಲೇ ಮೃತಪಟ್ಟಿದ್ದರು. ಗಮನಾರ್ಹವೆಂದರೆ, ಅಲ್ಲಿ ತಡವಾಗಿಯಾದರೂ ಲೆಕ್ಕ ಕೇಳುವವರಿದ್ದರು.

ಹಾಗೆಂದು ನಾನು ನಿರಾಶೆಯನ್ನು ಹಂಚುತ್ತಿಲ್ಲ. ಒಂದನೆಯ ಬಗೆಯ ಮಧುಮೇಹದಲ್ಲಿ, ಆಕರಕೋಶದಿಂದ ಬೆಳೆಸಿದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ರೋಗಿಗಳಲ್ಲಿ 10 ಮಂದಿ ಒಂದು ವರ್ಷದ ನಂತರ ಇನ್ಸುಲಿನ್ ಚುಚ್ಚುಮದ್ದಿನಿಂದ ಮುಕ್ತರಾಗಿದ್ದರೆಂಬ ವರದಿ 2025ರಲ್ಲಿ ಬಂದಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲೂ ಅದೇ ವರ್ಷ ಆಶಾದಾಯಕವಾದ ಆರಂಭಿಕ ವರದಿಗಳು ಪ್ರಕಟವಾಗಿವೆ. ಆದರೆ ಈ ಸಂಖ್ಯೆಗಳು ಎಷ್ಟು ಚಿಕ್ಕವು ನೋಡಿ. ಮಧುಮೇಹದ ಈ ಚಿಕಿತ್ಸೆ ಪಡೆದವರು ದೇಹ ಹೊಸ ಕೋಶಗಳನ್ನು ತಿರಸ್ಕರಿಸದಂತೆ ಔಷಧಿಗಳನ್ನು ಸೇವಿಸುತ್ತಲೇ ಇರಬೇಕು. ನಮ್ಮಲ್ಲಿ ವ್ಯಾಪಕವಾಗಿರುವ ಎರಡನೆಯ ಬಗೆಯ ಮಧುಮೇಹಕ್ಕೆ ಇದು ಸಂಬಂಧಿಸಿದ್ದೂ ಅಲ್ಲ. ನಾಳೆಯ ಫಸಲನ್ನು ಇಂದೇ ಕೊಯ್ದು ಮಾರುವವರ ಬಗ್ಗೆ ನನ್ನ ತಕರಾರು, ಬಿತ್ತುವವರ ಬಗ್ಗೆ ಅಲ್ಲ.

ಇದೇ ಮಾತು ಹೊಕ್ಕುಳಬಳ್ಳಿಯ ರಕ್ತದ ಖಾಸಗಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಹೆರಿಗೆಯ ಹೊಸ್ತಿಲಲ್ಲಿ ನಿಂತ ದಂಪತಿಗೆ ಇದನ್ನು ಮಗುವಿನ 'ಜೈವಿಕ ವಿಮೆ' ಎಂದು ಬಣ್ಣಿಸಲಾಗುತ್ತದೆ. ಆದರೆ ಮಗುವಿಗೆ ಥಲಸ್ಸೇಮಿಯಾದಂಥ ಆನುವಂಶಿಕ ಕಾಯಿಲೆ ಬಂದರೆ, ಅದೇ ದೋಷ ಅದರ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇರುತ್ತದೆ; ಅದು ಆ ಮಗುವಿಗೆ ಉಪಯೋಗಕ್ಕೆ ಬಾರದು. ಮುಂದೆಂದೋ ಸ್ವಂತಕ್ಕೆ ಬೇಕಾದೀತೆಂದು ಇದನ್ನು ಕಾಪಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳಿದೆ. ಕಸಿಯ ಅಗತ್ಯವಿರುವ ಅಣ್ಣನೋ ಅಕ್ಕನೋ ಮನೆಯಲ್ಲಿದ್ದರೆ ಅದು ಬೇರೆ ಮಾತು.

ನಿಯಮಗಳಿಗೇನೂ ಕೊರತೆಯಿಲ್ಲ. ಸಂಶೋಧನಾ ಮಂಡಳಿಯ 2007ರ ಮಾರ್ಗಸೂಚಿಯ ಶೀರ್ಷಿಕೆಯಲ್ಲಿದ್ದ 'ಚಿಕಿತ್ಸೆ' ಎಂಬ ಪದವನ್ನು 2013ರ ಪರಿಷ್ಕರಣೆಯಲ್ಲಿ ಬೇಕೆಂದೇ ತೆಗೆಯಲಾಯಿತು. ಅಂಗೀಕೃತವಾದ ರಕ್ತದ ಆಕರಕೋಶ ಕಸಿಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ರೋಗಿಗಳಿಗೆ ಆಕರಕೋಶ ಕೊಡುವುದು ಅನೈತಿಕ ಎಂದು 2017ರ ಮಾರ್ಗಸೂಚಿ ಸ್ಪಷ್ಟವಾಗಿ ಸಾರಿತು. ಆಟಿಸಂಗೆ ಈ ಚಿಕಿತ್ಸೆ ಸಲ್ಲದು, ಅದನ್ನು ಪ್ರಚಾರ ಮಾಡುವುದು ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ಹೇಳಿತು. ಅಂಧತ್ವ, ಮಧುಮೇಹ, ಪಾರ್ಶ್ವವಾಯು ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ, ತಪಾಸಣೆಗೆಂದು 2007ರ ಕಾಯ್ದೆ ಇದೆ. ಹೊಸ ಕಾನೂನಿಗಾಗಿ ಕಾಯುವ ಅಗತ್ಯವಿಲ್ಲ. ಇರುವ ಕಾನೂನನ್ನು ಹಿಡಿದು ಚಿಕಿತ್ಸಾಲಯದ ಬಾಗಿಲು ತಟ್ಟಿ, 'ನಿಮ್ಮ ಪ್ರಯೋಗಕ್ಕೆ ಅನುಮೋದನೆ ಎಲ್ಲಿ, ಫಲಿತಾಂಶ ಎಲ್ಲಿ' ಎಂದು ಕೇಳುವ ಅಧಿಕಾರಿ ಬೇಕು.

ಈ ವ್ಯಾಪಾರದಿಂದ ಆಗುತ್ತಿರುವ ಮೂರನೆಯ ನಷ್ಟ ಸಮಾಜದ್ದು. ಸಿದ್ಧಪಟ್ಟ ಆಕರಕೋಶ ಚಿಕಿತ್ಸೆ ನಮ್ಮಲ್ಲಿ ಸೊರಗುತ್ತಿದೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಮಕ್ಕಳು ಥಲಸ್ಸೇಮಿಯಾದೊಂದಿಗೆ ಹುಟ್ಟುತ್ತಾರೆಂಬ ಅಂದಾಜಿದೆ. ಒಡಹುಟ್ಟಿದವರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಉಳಿದವರು ಅಪರಿಚಿತ ದಾನಿಯನ್ನೇ ಹುಡುಕಬೇಕು. ಜಗತ್ತಿನ ದಾನಿಗಳ ಪಟ್ಟಿಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಹೆಸರುಗಳಿವೆ. 140 ಕೋಟಿ ಜನರ ನಮ್ಮ ಪಾಲು ಅದರಲ್ಲಿ ತೀರ ಅಲ್ಪ. ಹೊಂದಾಣಿಕೆ ಸಿಗುವ ಸಾಧ್ಯತೆ ಒಂದೇ ಮೂಲದ ಜನರ ನಡುವೆ ಹೆಚ್ಚಾದ್ದರಿಂದ, ನಮ್ಮ ಮಕ್ಕಳಿಗೆ ಜರ್ಮನಿಯ ದಾನಿಗಳು ನೆರವಾಗುವುದು ಅಪರೂಪ. ಚೆನ್ನೈಯಲ್ಲಿ 2009ರಿಂದ ದಾತ್ರಿ, ಬೆಂಗಳೂರಿನಲ್ಲಿ 2019ರಿಂದ ಡಿಕೆಎಂಎಸ್-ಬಿಎಂಎಸ್‌ಟಿ ಈ ಪಟ್ಟಿಯನ್ನು ಬೆಳೆಸುತ್ತಾ ಬಂದಿವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ನೋಂದಣಿ ಮುಗಿಯಿತು. ಯಾರಿಗಾದರೂ ಹೊಂದಿದರೆ, ಕೆಲವು ದಿನ ಚುಚ್ಚುಮದ್ದು ಪಡೆದು, ರಕ್ತದಾನದಂತೆಯೇ ತೋಳಿನಿಂದ ಕೋಶಗಳನ್ನು ಕೊಡಬಹುದು. ಕೋಲ್ ಇಂಡಿಯಾ 2017ರಲ್ಲಿ ಆರಂಭಿಸಿದ ಯೋಜನೆ ಥಲಸ್ಸೇಮಿಯಾ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ನೀಡುತ್ತದೆ. ಇಂಥ ನೆರವು ಇನ್ನಷ್ಟು ವಿಸ್ತರಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಸಿ ಘಟಕಗಳು ಹೆಚ್ಚಬೇಕು. ನಮ್ಮ ಕಾಲೇಜುಗಳ ರಕ್ತದಾನ ಶಿಬಿರದಲ್ಲಿ ಆಕರಕೋಶ ದಾನಿಗಳ ನೋಂದಣಿಗೂ ಒಂದು ಮೇಜು ಇರಬೇಕು.

ಅಲ್ಲಿಯವರೆಗೆ, ಆಕರಕೋಶದ ಭರವಸೆ ಹೊತ್ತು ಬರುವ ಯಾರಿಗೇ ಆಗಲಿ ನಾಲ್ಕು ಪ್ರಶ್ನೆ ಕೇಳಿ. ಯಾವ ಕೋಶ? ಅದು ಹೋಗಿ ಸೇರುವ ನೆಲೆ ಯಾವುದು? ಇದು ಸಿದ್ಧಪಟ್ಟ ಚಿಕಿತ್ಸೆಯೇ, ಇನ್ನೂ ಪ್ರಯೋಗವೇ? ಪ್ರಯೋಗವಾದರೆ ನನ್ನಿಂದ ಹಣ ಏಕೆ? ನೋಂದಣಿ ಸಂಖ್ಯೆ ತೋರಿಸಿದ ಮಾತ್ರಕ್ಕೆ ನಂಬಬೇಡಿ; ಫ್ಲೋರಿಡಾದ ಆ ಚಿಕಿತ್ಸಾಲಯವೂ ಸರ್ಕಾರಿ ಪಟ್ಟಿಯೊಂದರಲ್ಲಿ ತನ್ನ ಪ್ರಯೋಗದ ಹೆಸರು ಬರೆಸಿತ್ತು. ನಿಜವಾದ ಸಂಶೋಧಕ ಪ್ರಯೋಗದ ಖರ್ಚನ್ನು ರೋಗಿಯ ಮೇಲೆ ಹೇರುವುದಿಲ್ಲ, ಗುಣವಾಗುತ್ತದೆಂದು ಆಣೆ ಇಡುವುದೂ ಇಲ್ಲ. ಇನ್ನು ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಬೇರೆ ದಾರಿ ಕಾಣದೆ ಬಂದ ತಾಯಿತಂದೆಯರಿಗೆ 'ಇದರಿಂದ ಪ್ರಯೋಜನವಿಲ್ಲ, ಆದರೆ ಮಗುವಿಗೆ ಮಾಡಬಹುದಾದದ್ದು ಇಂತಿಷ್ಟಿದೆ' ಎಂದು ಕುಳಿತು ಹೇಳಲು ಅರ್ಧ ಗಂಟೆ ಬೇಕಾಗುತ್ತದೆ. ಆ ಅರ್ಧ ಗಂಟೆಯನ್ನು ನಾವು ಕೊಡದಿದ್ದರೆ, ಅವರಿಗಾಗಿ ಹೊತ್ತು ಮಾಡಿಕೊಂಡು ಕುಳಿತವರು ಬೇರೆ ಇದ್ದಾರೆ.